ಹೊಳೆಯ ಮೇಲಿನ ಹುಳ

ಘಾಟಿನಲ್ಲಿ ಕಾಯಿ ಮಾರುವ ಅಜ್ಜಿ ನಮ್ಮ ಕಚೇರಿಗೆ ಬಂದು ನನ್ನ ಟೇಬಲ್ಲಿನ ಮುಂದೆ ನಿಂತು ಹೇಳಿದ್ದು ಇಷ್ಟು: "ಹೊಳಿ ದಾಟೊ ಲೈನಿನ ಮ್ಯಾಲ ಮಿಂಚೊ ಹುಳ ಅದಾವ್ರಿ ಯವ್ವಾ. ಬೆಳಕು ಹರಿಯೂ ಮುಂದ ಕಾಣ್ತಾವು. ಭಾಳ ಅಂಜಿಕಿ ಬರ್ತೈತಿ."

ನಾನಾಗ ಒಂದು ಕಿವಿಗೆ ಫೋನ್ ಹಿಡಿದು, ಸುಟ್ಟುಹೋದ ಟ್ರಾನ್ಸ್‌ಫಾರ್ಮರ್ ಒಂದರ ಬಗ್ಗೆ ಸ್ಟೋರಿನವರ ಜೊತೆ ಜಗಳವಾಡುತ್ತಿದ್ದೆ. ದೂರಿನ ಪುಸ್ತಕ ಎಳೆದುಕೊಂಡು 'ನದಿ ದಾಟುವ ಲೈನಿನ ಬಳಿ ಮಿಂಚುಹುಳಗಳು' ಎಂದು ಗೀಚಿದೆ. ಅಜ್ಜಿ ಇನ್ನೂ ಏನೋ ಹೇಳುತ್ತಿದ್ದಳು. ನೋಡ್ತೀವಿ ಹೋಗು ಎಂದು ಕೈ ಮಾಡಿ ಕಳಿಸಿದೆ. ಸಂಜೆ ಚಹಾ ಕುಡಿಯುವಾಗ ಆ ಸಾಲನ್ನು ಎಲ್ಲರಿಗೂ ಓದಿ ಹೇಳಿ ನಗಿಸಿದೆ. ಮಿಂಚುಹುಳಕ್ಕೂ ಒಂದು ಮೀಟರ್ ಕೂರಿಸಿಬಿಡೋಣ ಎಂದು ಯಾರೋ ಅಂದರು. ಆ ಕಡೆ ಹನ್ನೆರಡು ದಿನ ನಮ್ಮವರು ಒಬ್ಬರೂ ಹೋಗಲಿಲ್ಲ.

ನಾನು ವಿದ್ಯುತ್ ಕಂಪನಿಯಲ್ಲಿ ಶಾಖಾಧಿಕಾರಿ. ಹುಲಿಗಿಯಿಂದ ಕೆಳಕ್ಕೆ ಹೊಳೆಯ ಎಡದಂಡೆಯ ಒಂದಷ್ಟು ಊರುಗಳ ಕಂಬ, ತಂತಿ ಮತ್ತು ಅವುಗಳ ಮೇಲೆ ಹತ್ತುವ ಲೈನ್‌ಮನ್ನರು ನನ್ನ ಜವಾಬ್ದಾರಿ. ಹುಟ್ಟಿದ್ದು ಯಲಬುರ್ಗಾ ಕಡೆಯ ಎರೆನೆಲದಲ್ಲಿ. ಅಲ್ಲಿ ನೀರು ಎಂದರೆ ಕೊಡದಲ್ಲಿ ಇರುವುದು. ಹೊಳೆಯ ನೀರು ಮೊಣಕಾಲು ದಾಟಿದರೆ ನನಗೆ ಇವತ್ತಿಗೂ ಉಸಿರು ಸಿಕ್ಕಿಕೊಳ್ಳುತ್ತದೆ. ಈಜು ಬಾರದು. ಇದನ್ನು ಕೈಕೆಳಗಿನವರಿಗೆ ಯಾವತ್ತೂ ಹೇಳಿರಲಿಲ್ಲ.

ನನ್ನ ಹದ್ದಿನಲ್ಲಿ ಹೊಳೆ ದಾಟುವ ಲೈನು ಒಂದೇ. ಮೂವತ್ತಮೂರು ಸಾವಿರ ವೋಲ್ಟಿನದು. ಈ ದಂಡೆಯಲ್ಲಿ ಘಾಟಿನ ಮೆಟ್ಟಿಲುಗಳ ಪಕ್ಕ ಒಂದು ಕಬ್ಬಿಣದ ಟವರ್, ಆ ದಂಡೆಯಲ್ಲಿ ಇನ್ನೊಂದು, ನಡುವೆ ನೀರಿನ ಮೇಲೆ ಮೂರು ತಂತಿ. ಆ ದಂಡೆಯಲ್ಲಿ ನೀರೆತ್ತುವ ಜಾಕ್‌ವೆಲ್ ಇದೆ. ಅದಕ್ಕೆ ಈ ಲೈನಿನದೇ ಕರೆಂಟು, ಅಲ್ಲಿಂದಲೇ ಪಟ್ಟಣಕ್ಕೆ ಕುಡಿಯುವ ನೀರು.

ಹದಿಮೂರನೆಯ ದಿನ ಚಾಚಾ ನನ್ನ ಮುಂದೆ ಮೊಬೈಲ್ ಹಿಡಿದರು. ಚಾಚಾ ನಮ್ಮ ಹಿರಿಯ ಲೈನ್‌ಮನ್, ಗಂಗಾವತಿಯವರು. ನಾನು ಡಿಪ್ಲೊಮಾಕ್ಕೆ ಸೇರುವ ಮೊದಲೇ ಅವರು ಕಂಬ ಹತ್ತುತ್ತಿದ್ದರು. ಮೊಬೈಲಿನಲ್ಲಿ ಮಂಜು ಕವಿದ ಹೊಳೆ. ನೀರಿನಿಂದ ಬಹಳ ಎತ್ತರದಲ್ಲಿ ಕಿತ್ತಳೆ ಬಣ್ಣದ ಬೆಳಕಿನ ಎರಡು ಗಂಟು, ಅವುಗಳಿಂದ ಹರಿದಾಡುವ ನೀಲಿ ಬಾಲ. ಕೆಳಗೆ ಸೊಂಟದವರೆಗಿನ ನೀರಲ್ಲಿ ಸಾಲಾಗಿ ನಿಂತ ಜನ ಕೈಮುಗಿದಿದ್ದರು.

"ಇದೆಲ್ಲಿದು ಚಾಚಾ?"

"ನಮ್ಮ ಘಾಟಿಂದರಿ ಮೇಡಂ. ನೀವ್ ಬರಕೊಂಡಿದ್ರೆಲ್ಲ, ಅದಾ ಹುಳ."

"ಮಿಂಚುಹುಳ ಇಷ್ಟು ದೊಡ್ಡು ಇರ್ತಾವೇನು?"

ಚಾಚಾ ನನ್ನ ಮುಖ ನೋಡಿದರು. "ಮಿಂಚುಹುಳ ಅಲ್ರಿ. ಹುಳ. ಆ ಅಜ್ಜಿ ಹೇಳಿದ್ದು ಹುಳ. ಅದು ಮಿಂಚತೈತಿ."

ನಮ್ಮ ಮನೆಯಲ್ಲೂ ಯಾರೂ ಹಾವನ್ನು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಹೆಸರೆತ್ತಿದರೆ ಬಾಗಿಲಿಗೇ ಬರುತ್ತದೆ ಎಂದು ಅಂಜಿಕೆ. ನನ್ನ ಸೋದರಮಾವ ಹೊಲದಲ್ಲಿ ಸತ್ತಾಗ 'ಹುಳ ಮುಟ್ಟಿ ಹೋದ' ಎಂದೇ ಅವ್ವ ಅತ್ತಿದ್ದು. ಅಷ್ಟೆಲ್ಲ ಕೇಳಿ ಬೆಳೆದವಳು ನಾನು. ಆದರೂ ಟೇಬಲ್ಲಿನ ಹಿಂದೆ ಕುಳಿತ ಕೂಡಲೇ ಆ ಮಾತು ನನಗೆ ಪುಸ್ತಕದ ಕನ್ನಡದಲ್ಲಿ ಕೇಳಿಸಿತ್ತು. ನಾಚಿಕೆಯಾಯಿತು. ಲೈನಿನ ಮೇಲೆ ಮಿಂಚುವ ಹಾವು ಎಂದರೆ ಏನಿರಬಹುದು ಎನ್ನುವುದು ಹೊಳೆದ ಮೇಲೆ ನಾಚಿಕೆಯನ್ನು ಹೆದರಿಕೆ ನುಂಗಿತು.

ಅಂದೇ ಮಧ್ಯಾಹ್ನ ಇಬ್ಬರೂ ಘಾಟಿಗೆ ಹೋದೆವು. ಟವರಿನ ತೋಳುಗಳಲ್ಲಿ ತಂತಿಯನ್ನು ಜಗ್ಗಿ ಹಿಡಿದಿರುವ ಪಿಂಗಾಣಿಯ ಸರಗಳಿರುತ್ತವೆ. ನಮ್ಮವರು ಅವನ್ನು ಬಟ್ಟಲು ಎನ್ನುತ್ತಾರೆ. ಒಂದು ಸರಕ್ಕೆ ನಾಲ್ಕು ಬಟ್ಟಲು. ಬಿಳಿ ಇರಬೇಕಾದ ಬಟ್ಟಲುಗಳು ದುರ್ಬೀನಿನಲ್ಲಿ ಕೆಂಪುಗಪ್ಪಾಗಿ ಕಂಡವು. ಗಾಳಿ ಗಿಣಿಗೇರಾ ಕಡೆಯಿಂದ ಬೀಸುವ ದಿನಗಳಲ್ಲಿ ಕಾರ್ಖಾನೆಗಳ ಕಬ್ಬಿಣದ ಧೂಳು ನಮ್ಮ ಕಚೇರಿಯ ಕಿಟಕಿಯ ಮೇಲೂ ಕೂರುತ್ತದೆ. ಒಣಗಿರುವಾಗ ಅದು ಏನೂ ಮಾಡುವುದಿಲ್ಲ. ಇಬ್ಬನಿ ಬಿದ್ದು ಒದ್ದೆಯಾಯಿತೆಂದರೆ ಕರೆಂಟು ಆ ಧೂಳಿನ ಮೇಲೆಯೇ ತೆವಳತೊಡಗುತ್ತದೆ. ತೆವಳಿದಲ್ಲಿ ಸುಡುತ್ತದೆ, ಬಟ್ಟಲುಗಳನ್ನು ಒಂದಕ್ಕೊಂದು ಕೂಡಿಸಿರುವ ಕಬ್ಬಿಣದ ಕಡ್ಡಿಯನ್ನು ತಿನ್ನುತ್ತದೆ. ಒಂದು ಕಡ್ಡಿ ಹೋದರೆ ತಂತಿ ಇಡಿಯಾಗಿ ಹೊಳೆಗೆ ಬೀಳುತ್ತದೆ. ಕಡ್ಡಿ ಎಷ್ಟು ಉಳಿದಿದೆ ಎನ್ನುವುದು ಮಾತ್ರ ಕೆಳಗಿನಿಂದ ಕಾಣಲಿಲ್ಲ.

ಟವರಿನ ಬುಡದಲ್ಲಿ ಕಂಡದ್ದು ಬೇರೆ. ತಲೆಬುರುಡೆಯ ಚಿತ್ರವಿರುವ ನಮ್ಮ 'ಅಪಾಯ' ಫಲಕಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದ್ದರು. ಕೆಳಗೆ ಕಾಯಿಯ ಚಿಪ್ಪು, ಹಾಲಿನ ಲೋಟ, ಊದಿನಕಡ್ಡಿ. ಅಜ್ಜಿ ಅಲ್ಲೇ ಕಾಯಿಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಈಗ ಬಂದ್ರೇನ್ರಿ?" ಎಂದಳು. ಸಿಟ್ಟಿರಲಿಲ್ಲ, ಅದನ್ನೇ ನನಗೆ ತಾಳಲಾಗಲಿಲ್ಲ. "ನೀವ್ ಬರ್ತೀರಿ ಅಂತ ನಾಕ್ ದಿನ ಹಾದಿ ನೋಡಿದೆ. ನಾನು ದಿನಾ ಮಸುಕಿನ್ಯಾಗ ಇಲ್ಲೇ ಜಳಕಾ ಮಾಡಾಕಿ. ನೀವಂತೂ ಬರಲಿಲ್ಲ. ಮತ್ತ ನಾನಾ ಒಂದು ಕಾಯಿ ಒಡದು, ನಾಗಪ್ಪಾ, ನನ್ನ ಮುಟ್ಟಬ್ಯಾಡೋ ಅಂತ ಬೇಡ್ಕೊಂಡೆ. ಮುಟ್ಟಲಿಲ್ಲ. ಅದನ್ನ ನೋಡಿ ಮಂದಿ ಬರಾಕತ್ರು."

"ಅಜ್ಜಿ, ಅದು ಹುಳ ಅಲ್ಲ. ಕರೆಂಟು."

"ಕರೆಂಟು ಕಣ್ಣಿಗೆ ಕಾಣತೈತೇನ?" ಎಂದು ಕೇಳಿದಳು. ಈ ಘಾಟಿನ ಜಾತ್ರೆಯನ್ನು ಹಚ್ಚಿದವಳು ಅಜ್ಜಿಯಲ್ಲ, ನಾನೇ ಎನ್ನುವುದು ನನಗೆ ಆಗ ತಿಳಿಯಿತು. ಮೆಟ್ಟಿಲಿಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿ, ನೀರಿಗೆ ಇಳಿಯಬೇಡಿ ಎಂದು ನಾಲ್ಕು ಜನರಿಗೆ ಹೇಳಿ ಬಂದೆವು.

ಮರುದಿನ ನಸುಕಿನಲ್ಲಿ ಐದಕ್ಕೇ ಹೋದರೆ ಕೆಂಪು ಪಟ್ಟಿ ಮೆಟ್ಟಿಲಲ್ಲಿರಲಿಲ್ಲ. ಅದನ್ನು ಬಿಚ್ಚಿ ಟವರಿನ ಕಾಲಿಗೆ ಸೀರೆ ಉಡಿಸಿದಂತೆ ಸುತ್ತಿದ್ದರು. ಆ ದಿನ ಗಾಳಿ ಜೋರಾಗಿತ್ತು, ಇಬ್ಬನಿ ಇರಲಿಲ್ಲ, ಬೆಳಕೂ ಕಾಣಲಿಲ್ಲ. ಕರೆಂಟಿನವರು ಬಂದರು, ನಾಗಪ್ಪ ಮುನಿಸಿಕೊಂಡ ಎಂದು ಜನ ಗೊಣಗಿದರು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಾಯೆನಿಸಿತು. ಯಾರೋ ಹುಡುಗರು ಮೊಬೈಲಿನಲ್ಲಿ ಮಾಡಿದ ಆಟವಿರಬಹುದು ಎಂದುಕೊಂಡೆ.

ಆಗ ಕೇಸರಿ ಕಂದು ಬಣ್ಣದ ಚೀವರ ಹೊದ್ದ ವಯಸ್ಸಾದ ಭಿಕ್ಷುವೊಬ್ಬರು ಹತ್ತಿರ ಬಂದರು. ಜೊತೆಗೆ ಭಾಗ್ಯನಗರದ ಒಬ್ಬ ಗೈಡ್. ಕೊಪ್ಪಳದ ಗುಡ್ಡದ ಮೇಲಿನ ಅಶೋಕನ ಶಾಸನ ನೋಡಲು ಥಾಯ್ಲೆಂಡಿನಿಂದ ಹತ್ತು ಹನ್ನೆರಡು ಜನ ಬಂದಿದ್ದರಂತೆ. ಮೊಬೈಲಿನಲ್ಲಿ ಈ ಬೆಳಕು ನೋಡಿ ಇಲ್ಲೇ ಉಳಿದುಬಿಟ್ಟಿದ್ದರು. ಭಿಕ್ಷುವಿನ ಊರು ಮೆಕಾಂಗ್ ನದಿಯ ದಂಡೆ. ಮಳೆಗಾಲದ ವಾಸ ಮುಗಿಯುವ ಹುಣ್ಣಿಮೆಯಂದು ಅಲ್ಲಿಯೂ ನೀರೊಳಗಿಂದ ಕೆಂಪು ಬೆಳಕಿನ ಉಂಡೆಗಳು ಏಳುತ್ತವಂತೆ. ದೇವಲೋಕದಿಂದ ಇಳಿದು ಬರುವ ಬುದ್ಧನಿಗೆ ನದಿಯ ನಾಗ ಮಾಡುವ ವಂದನೆ ಅದು ಎಂದು ಅಲ್ಲಿಯವರ ನಂಬಿಕೆ. ಆ ಹುಣ್ಣಿಮೆಯೇ ನಮ್ಮ ಸೀಗಿ ಹುಣ್ಣಿಮೆ. ಅದಕ್ಕೆ ಉಳಿದದ್ದು ಎರಡು ದಿನ.

ಅವರು ಒಂದು ಕಥೆಯನ್ನೂ ಹೇಳಿದರು. ಬುದ್ಧನ ಕಾಲದಲ್ಲಿ ಒಬ್ಬ ನಾಗ ಮನುಷ್ಯನ ವೇಷದಲ್ಲಿ ಬಂದು ಭಿಕ್ಷುವಾದ. ಎಚ್ಚರವಿದ್ದಾಗ ಯಾರಿಗೂ ಗೊತ್ತಾಗಲಿಲ್ಲ. ನಿದ್ದೆ ಹತ್ತಿದ ಕೂಡಲೇ ಅವನ ನಿಜರೂಪ ಕೋಣೆಯ ತುಂಬ ಹರಡಿತು. ಅದಕ್ಕೇ ಇವತ್ತಿಗೂ ಭಿಕ್ಷುವಾಗಲು ಬಂದವನನ್ನು 'ನೀನು ಮನುಷ್ಯನೇ?' ಎಂದು ಕೇಳಿಯೇ ಸೇರಿಸಿಕೊಳ್ಳುತ್ತಾರೆ.

ಚಾಚಾ ತಲೆಯಾಡಿಸಿದರು. "ನಮ್ಮ ಬಟ್ಟಲದ್ದೂ ಹಂಗಾ ನೋಡ್ರಿ. ಹಗಲೆಲ್ಲ ಸಾಧು. ಇಬ್ಬನಿ ಬಿದ್ದಾಗ ಖರೇ ರೂಪ."

ನಾನು ನಕ್ಕೆ. ಭಿಕ್ಷು ನಗಲಿಲ್ಲ. ಗೈಡಿನ ಕಿವಿಯಲ್ಲಿ ಏನೋ ಹೇಳಿದರು. "ಭಂತೇಜಿ ಹೇಳಾಕತ್ತಾರ್ರಿ," ಎಂದ ಗೈಡ್, "ಅವರ ಹೊಳ್ಯಾಗಿನ ನಾಗ ಸಪ್ಪಳ ಮಾಡೂದಿಲ್ಲಂತ. ಹೊಗಿ ಇಲ್ಲ, ವಾಸನಿ ಇಲ್ಲ. ಮೊನ್ನೆ ಇವರು ಇಲ್ಲಿ ನಿಂತಾಗ ಅದು ಬುಸ್ಸ್ ಅಂತಿತ್ತಂತ. ಸುಟ್ಟ ವಾಸನೀನೂ ಬಂತಂತ. ಇದು ನಾಗ ಅಲ್ಲ, ನೀವು ಇದನ್ನ ನೋಡಬೇಕು ಅಂತಾರ."

ನಾಗನನ್ನು ಇಡೀ ಜೀವಮಾನ ನಂಬಿದ ಮನುಷ್ಯ ಇದು ನಾಗನಲ್ಲ ಎನ್ನುತ್ತಿದ್ದರು. ಸದ್ದು ಕೆಳಗಿನವರೆಗೂ ಕೇಳಿಸಿದೆ ಎಂದರೆ ಕಡ್ಡಿ ಬಹಳ ತಿಂದುಹೋಗಿದೆ ಎಂದೇ ಅರ್ಥ. ಅಜ್ಜಿ ಅಂದು ನನ್ನ ಟೇಬಲ್ಲಿನ ಮುಂದೆ ಇದನ್ನೇ ಹೇಳುತ್ತಿದ್ದಳೋ ಏನೋ.

ಕಚೇರಿಗೆ ಬಂದವಳೇ ಲೈನ್ ನಿಲ್ಲಿಸಿ ಸರ ಬದಲಿಸಲು ಅನುಮತಿ ಕೇಳಿ ಪತ್ರ ಬರೆದು, ಸಾಹೇಬರಿಗೆ ಫೋನ್ ಮಾಡಿದೆ.

"ರಿಲೇ ಏನರ ತೋರಸೈತೇನು?" ಎಂದು ಕೇಳಿದರು. ಲೈನಿನಲ್ಲಿ ದೋಷವಿದ್ದರೆ ಸಬ್‌ಸ್ಟೇಷನ್ನಿನ ರಿಲೇ ತಾನಾಗಿ ಕರೆಂಟು ಕಡಿಯುತ್ತದೆ. ಬಟ್ಟಲಿನ ಮೇಲೆ ತೆವಳುವ ಕರೆಂಟು ಅದರ ಲೆಕ್ಕಕ್ಕೇ ಸಿಗದಷ್ಟು ಸಣ್ಣದು.

"ಇಲ್ಲ ಸರ್."

"ನೀವು ಕಣ್ಣಾರೆ ನೋಡೀರೇನು?"

"ಇವತ್ತು ಗಾಳಿ ಇತ್ತು ಸರ್, ಕಾಣಲಿಲ್ಲ."

"ಹುಣ್ಣಿಮಿಗೆ ಹುಲಿಗಿ ಗುಡಿ ತುಂಬ ಮಂದಿ. ಪಟ್ಟಣದಾಗೂ ಹಬ್ಬ. ಅವತ್ತ ನೀರು ಬಂದ್ ಮಾಡಿ ನಾನು ಯಾರಿಗೆ ಉತ್ತರ ಹೇಳ್ಲಿ? ಹುಣ್ಣಿಮಿ ಮುಗೀಲಿ, ಮರುದಿನ ತಗೊಳ್ರಿ."

ತಪ್ಪು ಮಾತೇನಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಪೊಲೀಸರು ಒಬ್ಬ ಪೇದೆಯನ್ನು ಕಳಿಸುತ್ತೇವೆ ಎಂದರು. ಗೈಡಿಗೆ ಫೋನ್ ಮಾಡಿ, ನಿಮ್ಮವರು ದಂಡೆಯ ಮೇಲೆ ದೂರ ನಿಲ್ಲಲಿ ಎಂದೆ. ಭಿಕ್ಷು ಒಪ್ಪಿದರು. ನಮ್ಮ ಜನ ಮಾತ್ರ ಒಪ್ಪಲಿಲ್ಲ. ಆ ಎರಡು ರಾತ್ರಿ ನಾನು ಊಟ ಬಿಟ್ಟೆ.

ಹುಣ್ಣಿಮೆಯ ನಸುಕಿನಲ್ಲಿ ಗಾಳಿಯೇ ಇರಲಿಲ್ಲ. ಜೀಪಿನ ಗಾಜು ಒರೆಸಿದಷ್ಟೂ ಮಸುಕಾಗುತ್ತಿತ್ತು. ಘಾಟು ಮುಟ್ಟುವ ಮೊದಲೇ ಸದ್ದು ಕೇಳಿಸಿತು. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ, ಆದರೆ ನಿಲ್ಲದೆ. ಟವರಿನ ಹೊಳೆಯ ಕಡೆಯ ತೋಳಿನಲ್ಲಿ ಆ ಬೆಳಕಿತ್ತು. ಮಂಜಿನಲ್ಲಿ ಟವರೂ ಕಾಣುತ್ತಿರಲಿಲ್ಲ, ತಂತಿಯೂ ಕಾಣುತ್ತಿರಲಿಲ್ಲ. ಆಕಾಶದಲ್ಲಿ ಯಾವ ಆಸರೆಯೂ ಇಲ್ಲದೆ ಒಂದು ಕಿತ್ತಳೆ ಬೆಂಕಿ ಕುಗ್ಗುತ್ತ ಹಿಗ್ಗುತ್ತ ಇತ್ತು, ಅದರಿಂದ ನೀಲಿ ಎಳೆಗಳು ಹೊರಳಿ ಹೊರಳಿ ಆಚೆ ಈಚೆ ಹರಿಯುತ್ತಿದ್ದವು. ಅದರ ವಿಜ್ಞಾನವೆಲ್ಲ ಗೊತ್ತಿದ್ದ ನನಗೂ ಒಂದು ಕ್ಷಣ ಕೈಮುಗಿಯಬೇಕು ಅನ್ನಿಸಿತು. ಗೊತ್ತಿಲ್ಲದವರು ಏನು ಮಾಡಿಯಾರು?

ಮೆಟ್ಟಿಲ ತುಂಬ ಜನ. ಸೊಂಟದವರೆಗಿನ ನೀರಲ್ಲಿ ಐವತ್ತಕ್ಕೆ ಕಡಿಮೆಯಿಲ್ಲ, ಕಂಕುಳಲ್ಲಿ ಕೂಸು ಇದ್ದವರೂ ಇದ್ದರು. ಎಲ್ಲರಿಗಿಂತ ಮುಂದೆ, ಬೆಂಕಿಯ ನೇರ ಕೆಳಗೆ ಕಾಯಿ ಮಾರುವ ಅಜ್ಜಿ. ಪೇದೆ ಚಪ್ಪಲಿ ಬಿಟ್ಟು ತಾನೂ ಕೈಮುಗಿದು ನಿಂತಿದ್ದ. "ಹೊರಗ ಬರ್ರಿ, ತಂತಿ ಬೀಳತೈತಿ," ಎಂದು ಕೂಗಿದೆ. ಯಾರೂ ತಿರುಗಲಿಲ್ಲ.

ಸದ್ದು ಬದಲಾಯಿತು. ಬುಸುಗುಡುವುದು ನಿಂತು ಚಟ್ ಚಟ್ ಎಂದು ಬಿಟ್ಟುಬಿಟ್ಟು ಕೇಳಿಸತೊಡಗಿತು. ಚಾಚಾ ನನ್ನ ತೋಳು ಹಿಡಿದರು. ಅಷ್ಟು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದಿಲ್ಲ, ಮೇಡಂ ಬಿಟ್ಟು ಬೇರೆ ಕರೆದದ್ದಿಲ್ಲ.

"ಬೇಟಿ," ಎಂದರು, "ಬಂದ್ ಮಾಡಸು. ಈಗಿಂದೀಗ ಮಾಡಸು."

ಸಬ್‌ಸ್ಟೇಷನ್ನಿನ ಆಪರೇಟರಿಗೆ ಫೋನ್ ಹಚ್ಚಿದೆ. ಹೊಳೆ ಲೈನ್ ಟ್ರಿಪ್ ಮಾಡು ಎಂದೆ.

"ಸಾಹೇಬ್ರು ಇವತ್ತು ಮುಟ್ಟಬ್ಯಾಡಂದಾರ್ರಿ ಮೇಡಂ."

"ನನ್ನ ಹೆಸರಿಲೆ ಬರಕೊ. ನೌಕರಿ ಹೋದ್ರ ನಂದು ಹೋಗ್ಲಿ. ಟ್ರಿಪ್ ಮಾಡು."

ಅವನು ಕುರ್ಚಿ ಸರಿಸಿ ಎದ್ದ. ಆಮೇಲೆ ಫೋನಿನಲ್ಲಿ ಕರೆಂಟು ಕಡಿಯುವ ಬ್ರೇಕರ್ ಬಿದ್ದ ದಢ್ ಸದ್ದು ಕೇಳಿಸಿತು. ಮೇಲೆ ಬೆಂಕಿ ಪಟ್ಟನೆ ಇಲ್ಲವಾಯಿತು.

ಎಲ್ಲರೂ ನನ್ನ ಕಡೆ ತಿರುಗಿದರು. "ಹುಣ್ಣಿಮಿ ದಿನ ದೇವರನ್ನ ಆರಿಸಿದ್ಯೇನ?" ಎಂದು ಒಬ್ಬ ಕೂಗಿದ. ಬೈಗುಳ ಬಿದ್ದವು, ಒಂದು ಕಾಯಿಯ ಚಿಪ್ಪು ಭುಜಕ್ಕೆ ತಾಗಿತು. ಯಾರೂ ನೀರಿನಿಂದ ಏಳಲಿಲ್ಲ. ನಾಗಪ್ಪ ಮತ್ತೆ ಬರುತ್ತಾನೆ ಎಂದು ಅಜ್ಜಿ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದಳು. ಕರೆಂಟು ಹೋದ ಕೂಡಲೇ ಜಾಕ್‌ವೆಲ್ಲಿನವರು ಜನರೇಟರ್ ಹಚ್ಚುತ್ತಾರೆ. ಅಲ್ಲಿಯ ಸ್ವಿಚ್ ತಪ್ಪಿ ಬಿದ್ದರೆ ಆ ಕರೆಂಟು ಹಿಂದಕ್ಕೆ ಇದೇ ತಂತಿಗೆ ಹರಿಯುತ್ತದೆ. ಅವರಿಗೂ ಫೋನ್ ಮಾಡಿ, ಹಚ್ಚಬೇಡಿ ಎಂದು ಬೇಡಿಕೊಂಡೆ.

ಬೆಳಕು ಹರಿಯುವ ಹೊತ್ತಿಗೆ ಸಣ್ಣ ಗಾಳಿ ಎದ್ದಿತು. ಮೇಲೆ ಟಣ್ ಎಂದಿತು. ತುಂಡಾದ ಬಟ್ಟಲು ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ತಂತಿಯನ್ನು ಟವರಿನಾಚೆಯ ತಂತಿಗೆ ಕೂಡಿಸುವ ತುಂಡುತಂತಿ, ಜಂಪರ್, ಒಂದು ಕ್ಷಣ ಹಿಡಿದುಕೊಂಡಿತು. ಹಾಗಾಗಿ ಅದು ಚಾಟಿಯಂತೆ ಬೀಸಲಿಲ್ಲ, ಮಂಜಿನಿಂದ ಜಾರುತ್ತ ಜಾರುತ್ತ ಇಳಿದು ಬಂತು. ಒಬ್ಬನ ಹೆಗಲು ತರಚಿತು, ಅಷ್ಟೇ. ಉದ್ದಕ್ಕೂ ಸುರುಳಿ ಸುರುಳಿಯಾಗಿ ಆ ಐವತ್ತು ಜನರ ನಡುವೆ ನೀರಿನಲ್ಲಿ ಮಲಗಿತು.

ಯಾರೂ ಓಡಲಿಲ್ಲ. ನಾಗಪ್ಪ ಇಳಿದು ಬಂದ ಎಂದು ಕೂಗಿದರು. ಐವತ್ತು ಜನರೂ ಆ ತಂತಿಗೆ ಕೈಹಾಕಿದರು.

ಕೈಯಲ್ಲಿದ್ದ ಫೋನ್ ಹೊಡೆದುಕೊಂಡಿತು. ಆಪರೇಟರ್. "ಮೇಡಂ, ಹತ್ತು ನಿಮಿಷ ಆತ್ರಿ. ಫಾಲ್ಟ್ ಏನೂ ಇಲ್ಲ. ಸಾಹೇಬ್ರು ಕೇಳಾಕತ್ತಾರ. ಒಮ್ಮೆ ಕರೆಂಟ್ ಬಿಟ್ಟು ಚಾರ್ಜ್ ಮಾಡಿ ನೋಡ್ಲೇನ್ರಿ?"

ಫೋನಿನೊಳಗೆ ಚೀರಿದೆ. "ಬ್ಯಾಡ. ಲೈನಿನ ಮ್ಯಾಲ ಮಂದಿ ಅದಾರ. ಹಂಗಂತ ಬೋರ್ಡ್ ಹಾಕು. ಬ್ರೇಕರ್ ಮುಂದ ನೀನಾ ನಿಂದ್ರು. ಫೋನ್ ಇಡಬ್ಯಾಡ."

"ಎಷ್ಟು ಮಂದಿ ಅಂತ ಬರೀಲ್ರಿ?"

"ಎಲ್ಲಾರೂ."

ಚಾಚಾ ಟವರಿನ ಬುಡದಲ್ಲಿ, ತಂತಿಯ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಕೋಲು ಜೋಡಿಸುತ್ತಿದ್ದರು. ಅದಾಗುವವರೆಗೆ ಕಾಯಬೇಕು, ನಿಯಮ ಅದೇ. ಅರ್ಥಿಂಗ್ ಆಗದ ತಂತಿಯನ್ನು ಸತ್ತ ತಂತಿ ಎಂದುಕೊಳ್ಳಬಾರದು ಎಂದು ನಾನು ನಮ್ಮವರಿಗೆ ಹೇಳದ ದಿನವಿಲ್ಲ. ಆದರೆ ಅಷ್ಟರೊಳಗೆ ಈ ತಂತಿಗೆ ಕರೆಂಟು ಬಿಡುವುದು ಎಲ್ಲಿಯ ಯಾವ ಸ್ವಿಚ್ಚು, ಯಾರ ಕೈ, ಯಾವ ಅವಸರ ಎಂದು ಯಾರಿಗೆ ಗೊತ್ತು. ನಾನು ಮೆಟ್ಟಿಲು ಇಳಿದೆ. ನೀರು ಮೊಣಕಾಲು ದಾಟಿತು, ತೊಡೆ ದಾಟಿತು. ಉಸಿರು ಕಟ್ಟಿತು. ಬಿಡ್ರಿ, ಬಿಡ್ರಿ ಎಂದು ಒಬ್ಬೊಬ್ಬರ ಕೈ ಬಿಡಿಸುತ್ತ ಹೋದೆ. ಅಳು ತಡೆಯಲಾಗಲಿಲ್ಲ.

ಕೊನೆಗೆ ಅಜ್ಜಿ ಸಿಕ್ಕಳು. ತಂತಿಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡಿದ್ದಳು. ನನ್ನ ಅಳುಮುಖ ನೋಡಿ ಅವಳಿಗೆ ಕನಿಕರ ಬಂತು.

"ಅಂಜಬ್ಯಾಡ ಯವ್ವಾ. ಏನೂ ಮಾಡೂದಿಲ್ಲ. ತಣ್ಣಗ ಐತಿ, ಮುಟ್ಟಿ ನೋಡು."

ಅವಳ ಬೆರಳು ಬಿಡಿಸಬೇಕೆಂದರೆ ತಂತಿಯನ್ನು ಮುಟ್ಟಲೇಬೇಕಿತ್ತು. ಮುಟ್ಟಿದೆ. ಕಿವಿಗೊತ್ತಿಕೊಂಡ ಫೋನಿನಲ್ಲಿ ಆಪರೇಟರ್ ಗಾಬರಿಯಿಂದ ಕೇಳುತ್ತಲೇ ಇದ್ದ.

"ಮೇಡಂ, ಅದೀರೇನ್ರಿ? ಮೇಡಂ?"

"ಅದೀನಿ," ಎಂದೆ.